ಹೆಜ್ಜೆಗೆ ನಾದವೋ, ನಾದಕ್ಕೆ ಹೆಜ್ಜೆಯೋ?

ಹಿಂದಿನ ವರ್ಷ ಲಂಡನ್ನಿನಲ್ಲಿ ನೆಲೆಸಿರುವ ಮಗಳ ಮನೆಯಲ್ಲಿ ಕೆಲವು ವಾರ ಇರುವ ಸಂದರ್ಭ ನಮಗೆ ಒದಗಿತು. ಹನ್ನೆರಡು ವಯಸ್ಸಿನ ಮೊಮ್ಮಗಳು ಅಲ್ಲಿ ಬ್ಯಾಲೆ ಕಲಿಯುತ್ತಾಳೆ. ಯುರೋಪಿನ ರಾಜಾಸ್ಥಾನಗಳಲ್ಲಿ ಬೆಳೆದು ಬಂದ ಆ ನೃತ್ಯ, ಮಠದ ಪಾಠಶಾಲೆಯಲ್ಲಿ ಓದಿದ ನಮಗೆ ಬರಿಯ ಅಂಗಸಾಧನೆಯಾಗಿ ಕಂಡಿತು. “ಇದನ್ನು ಬಿಡಿಸಿ ಮಗುವಿಗೆ ಸಂಗೀತ ಕಲಿಸಿರಿ” ಎಂದುಬಿಟ್ಟೆವು. ಮಗು ಅದನ್ನು ಕೇಳಿಸಿಕೊಂಡಿತು. ಎರಡು ದಿನ ನಮ್ಮೊಡನೆ ಮಾತನಾಡಲಿಲ್ಲ. ಮೂರನೆಯ ದಿನ ತಾನಾಗಿಯೇ ಬಂದು, “ಅಜ್ಜಾ, ನಾವು ಕುಣಿಯೋದು ಸಂಗೀತದೊಳಗೇ ಅಲ್ಲೇನು? ಒಮ್ಮೆ ಬಂದು ನೋಡ್ರಿ” ಎಂದಿತು.

ಹೋದೆವು. ಗೋಡೆಯುದ್ದಕ್ಕೂ ಕೈಯಾನಿಸುವ ಕಟ್ಟಿಗೆಯ ಪಟ್ಟಿ; ಮೂಲೆಯಲ್ಲಿ ಪಿಯಾನೊ. ಗುರುಗಳು ಪಾಠ ಹೇಳಿದೊಡನೆ ಪಿಯಾನೊದ ಮುಂದೆ ಕುಳಿತ ಹಿರಿಯರು ಅದಕ್ಕೊಪ್ಪುವ ಗತಿಯನ್ನು ನುಡಿಸುತ್ತಿದ್ದರು. ಮಂಡಿ ಬಾಗಿಸುವಾಗ ವಿಳಂಬ, ಜಿಗಿಯುವಾಗ ದ್ರುತ. ತಾಳದ ಪೆಟ್ಟು ಬೀಳುವಾಗ ಗಾಳಿಯಲ್ಲಿರಬೇಕಾದವಳು ಅದಕ್ಕೂ ಮುನ್ನವೇ ನೆಲ ಬಿಡಬೇಕು. ಪೆಟ್ಟನ್ನು ಕೇಳಿ ಹೊರಟವಳು ಹಿಂದುಳಿದಂತೆಯೇ. ಬರಲಿರುವ ನಾದವನ್ನು ಮನಸ್ಸಿನಲ್ಲಿ ಮೊದಲೇ ಕೇಳಿಕೊಳ್ಳುವುದೇ ಅಲ್ಲಿಯ ಸಾಧನೆ.

ಹಾಗಾದರೆ ಇಲ್ಲಿ ಒಡೆಯ ಯಾರು, ಆಳು ಯಾರು? ಈ ಪ್ರಶ್ನೆ ನಮ್ಮನ್ನು ಪುಸ್ತಕಗಳೆಡೆಗೆ ಒಯ್ದಿತು.

1890ರಲ್ಲಿ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ‘ಸ್ಲೀಪಿಂಗ್ ಬ್ಯೂಟಿ’ ರಂಗವೇರಿತು. ನೃತ್ಯ ಸಂಯೋಜಿಸಿದವರು ಮಾರಿಯಸ್ ಪೆಟಿಪಾ, ಸಂಗೀತ ಚೈಕೋವ್‌ಸ್ಕಿಯವರದು. ಯಾವ ಪ್ರಸಂಗಕ್ಕೆ ಎಂಥ ಗತಿ, ಎಷ್ಟು ಆವರ್ತ ಬೇಕೆಂಬುದನ್ನು ಪೆಟಿಪಾ ಮೊದಲೇ ಬರೆದುಕೊಟ್ಟಿದ್ದರು. ಆ ಹೊತ್ತಿಗೆ ಹೆಸರಾಂತರಾಗಿದ್ದ ಚೈಕೋವ್‌ಸ್ಕಿ ಆ ಕಟ್ಟಿಗೆ ಒಳಗಾಗಿಯೇ ಬರೆದರು. 1892ರ ‘ನಟ್‌ಕ್ರ್ಯಾಕರ್’ನ ಒಂದು ನರ್ತನಕ್ಕೆ ಕಾರಂಜಿಯ ಹನಿಗಳ ಸದ್ದು ಕೇಳಿಬರಬೇಕೆಂದು ಪೆಟಿಪಾ ಸೂಚಿಸಿದ್ದರು. ಚೈಕೋವ್‌ಸ್ಕಿ ಪ್ಯಾರಿಸಿನಲ್ಲಿ ಕಂಡಿದ್ದ ಸೆಲೆಸ್ಟಾ ಎಂಬ ಹೊಸ ವಾದ್ಯವನ್ನು ತರಿಸಿ, ಅದರ ಕಿರುಗಂಟೆಯಂಥ ದನಿಯಿಂದ ಆ ಹನಿಗಳನ್ನು ಉದುರಿಸಿದರು. ಕಟ್ಟಳೆಯು ಕಲ್ಪನೆಯನ್ನು ಕೊಲ್ಲಲಿಲ್ಲ. ಅದಕ್ಕೆ ದಾರಿ ತೋರಿತು.

ಮುಂದೆ ಈ ಸಂಬಂಧ ತಿರುವುಮುರುವಾಯಿತು. ಚೈಕೋವ್‌ಸ್ಕಿ 1880ರಲ್ಲಿ ತಂತಿವಾದ್ಯಗಳಿಗಾಗಿ ರಚಿಸಿದ ‘ಸೆರೆನೇಡ್’ ನೃತ್ಯಕ್ಕೆಂದು ಬರೆದುದಲ್ಲ. ಅವರು ತೀರಿಕೊಂಡು ನಾಲ್ಕು ದಶಕಗಳಾದ ಮೇಲೆ, 1934ರಲ್ಲಿ, ಜಾರ್ಜ್ ಬಾಲಂಚೀನ್ ಅಮೆರಿಕದಲ್ಲಿ ಅದೇ ಸಂಗೀತಕ್ಕೆ ಹೆಜ್ಜೆ ಕೂಡಿಸಿದರು. ಮೊದಲ ದಿನ ಬಂದಿದ್ದ ವಿದ್ಯಾರ್ಥಿನಿಯರು 17. ಅಷ್ಟೂ ಜನರನ್ನು ನಿಲ್ಲಿಸಿ ಆರಂಭದ ದೃಶ್ಯ ಕಟ್ಟಿದರು. ಒಬ್ಬಳು ತಡವಾಗಿ ಬಂದದ್ದು, ಇನ್ನೊಬ್ಬಳು ಬಿದ್ದದ್ದು ಕೂಡ ನೃತ್ಯದೊಳಗೆ ಸೇರಿದವು. ಇಲ್ಲಿ ನಾದ ಮುಂದೆ, ಹೆಜ್ಜೆ ಹಿಂದೆ.

ರಂಗದ ಮೇಲಾದರೋ ಇಬ್ಬರೂ ಪರಸ್ಪರ ಕಾಯಬೇಕು. ವಾದ್ಯವೃಂದವನ್ನು ನಡೆಸುವವನ ಒಂದು ಕಣ್ಣು ನರ್ತಕಿಯ ಪಾದದ ಮೇಲೆ. ಅವಳ ಜಿಗಿತ ಇಂದು ತುಸು ಎತ್ತರವಾದರೆ ಅವನು ಗತಿಯನ್ನು ಕೂದಲೆಳೆಯಷ್ಟು ಸಡಿಲಿಸುತ್ತಾನೆ. ಆದರೆ ರಾಗದ ಓಟ ಕಡಿಯದಂತೆ ನೋಡಿಕೊಳ್ಳುತ್ತಾನೆ. ಅವಳೂ ಆ ಓಟವನ್ನು ಮೀರುವಂತಿಲ್ಲ. ಒಬ್ಬರಿಗೊಬ್ಬರು ಕಿವಿಗೊಡುವಲ್ಲಿ ಒಡೆಯನೂ ಇಲ್ಲ, ಆಳೂ ಇಲ್ಲ.

ಮನೆಯ ಹಿರಿಯರೆನಿಸಿಕೊಂಡ ನಾವು ಮಗುವಿನ ಮಾತಿಗೆ ಕಿವಿಗೊಡುವ ಮೊದಲೇ ತೀರ್ಪು ಕೊಟ್ಟಿದ್ದೆವು. ಊರಿಗೆ ಹೊರಡುವ ಹಿಂದಿನ ರಾತ್ರಿ ಅವಳನ್ನು ಬಳಿಗೆ ಕರೆದು, “ತಪ್ಪು ನಮ್ಮದವ್ವಾ, ಬಿಡಬೇಡ, ಕಲಿ” ಎಂದೆವು. ಅವಳು ಉತ್ತರ ಕೊಡಲಿಲ್ಲ. ನಮ್ಮ ಕೈ ಹಿಡಿದು ಅಂಗೈಯ ಮೇಲೆ ಬೆರಳಿನಿಂದ ಮೆಲ್ಲಗೆ ತಾಳ ಹಾಕತೊಡಗಿದಳು.