ಚಾರ್ಮಾಡಿಯ ದಾರಿಯಲ್ಲಿ ಎರಡು ಕುದುರೆಗಳು

ಹಾಸನದಿಂದ ಬೇಲೂರು, ಮೂಡಿಗೆರೆಗಳ ಮಾರ್ಗವಾಗಿ ಕರಾವಳಿಗೆ ಹೊರಟವರಿಗೆ ಚಾರ್ಮಾಡಿ ಘಾಟಿಯೇ ಹೆಬ್ಬಾಗಿಲು. ಕಾಫಿ ತೋಟಗಳ ನೆರಳು ಮುಗಿದು, ಕೊಟ್ಟಿಗೆಹಾರವನ್ನು ದಾಟಿದ ಮೇಲೆ ರಸ್ತೆಯ ಒಂದು ಬದಿಗೆ ಕಣಿವೆ ತೆರೆದುಕೊಳ್ಳುತ್ತದೆ. ಮಳೆಗಾಲದಲ್ಲಿ ಬಂಡೆಗಳ ಮೇಲಿಂದ ನೀರು ರಸ್ತೆಗೇ ಧುಮುಕುವುದುಂಟು. ಮಂಜು ಕವಿದರೆ ಎದುರಿನ ವಾಹನದ ದೀಪವಷ್ಟೇ ದಾರಿತೋರುಗ. 2019ರ ಆಗಸ್ಟಿನಲ್ಲಿ ಗುಡ್ಡಗಳು ಜರಿದು ಈ ಹಾದಿಯೇ ಮುಚ್ಚಿಹೋಗಿತ್ತು. ಚೆಲುವಿನಷ್ಟೇ ಕಾಠಿಣ್ಯವೂ ಉಳ್ಳ ದಾರಿ ಇದು.

ನನ್ನ ತಂದೆತಾಯಿಗಳು ಉಜಿರೆಯ ಸಮೀಪದಲ್ಲಿದ್ದಾರೆ. ತಿಂಗಳಿಗೊಮ್ಮೆಯಾದರೂ ಸಪತ್ನೀಕನಾಗಿ ಹೋಗಿಬರಬೇಕು. ಹಳೆಯ ಮೋಟಾರ್ ಸೈಕಲ್ಲಿಗೆ ಮುಪ್ಪಡರಿದಾಗ ಎರಡು ಹೆಸರುಗಳು ಮುಂದೆ ನಿಂತವು: ರಾಯಲ್ ಎನ್‌ಫೀಲ್ಡಿನ ಹಿಮಾಲಯನ್ ಮತ್ತು ಯೆಜ್ಡಿ ಅಡ್ವೆಂಚರ್. ಮೇಲ್ನೋಟಕ್ಕೆ ಅವಳಿಮಕ್ಕಳು. ಎರಡಕ್ಕೂ ಮುಂದೆ 21 ಅಂಗುಲದ, ಹಿಂದೆ 17 ಅಂಗುಲದ ಚಕ್ರ. ಎರಡಕ್ಕೂ ಆರು ಗೇರು, ನೀರಿನಿಂದ ತಂಪಾಗುವ ಒಂದೇ ಸಿಲಿಂಡರಿನ ಎಂಜಿನ್ನು. ಭೇದವಿರುವುದು ಒಳಗೆ. 2023ರಲ್ಲಿ ಬಂದ ಹೊಸ ಹಿಮಾಲಯನ್ನಿನದು 452 ಸಿ.ಸಿ., 40 ಅಶ್ವಶಕ್ತಿ. 2022ರಲ್ಲಿ ಬಂದ ಯೆಜ್ಡಿಯದು 334 ಸಿ.ಸಿ., ಸುಮಾರು 30 ಅಶ್ವಶಕ್ತಿ. ಬೆಲೆಯಲ್ಲಿ ಯೆಜ್ಡಿ ಸಾಕಷ್ಟು ಅಗ್ಗ. ಅಧ್ಯಾಪಕನ ಸಂಸಾರದಲ್ಲಿ ಇದು ಕಡೆಗಣಿಸುವ ಮಾತಲ್ಲ.

ಯೆಜ್ಡಿಯ ಕಡೆಗೆ ಮನಸ್ಸು ವಾಲಲು ಬೇರೊಂದು ಕಾರಣವೂ ಇತ್ತು. 1961ರಿಂದ ಮೈಸೂರಿನಲ್ಲಿ ಜಾವಾ ತಯಾರಾಗುತ್ತಿತ್ತು. 1973ರಲ್ಲಿ ಅದೇ ಕಾರ್ಖಾನೆಯಿಂದ ಯೆಜ್ಡಿ ಎಂಬ ಹೆಸರು ಹೊರಟಿತು. 1996ರಲ್ಲಿ ಕಾರ್ಖಾನೆ ಮುಚ್ಚಿದರೂ ಹೆಸರಿನ ಮೋಹ ಕನ್ನಡಿಗರನ್ನು ಬಿಡಲಿಲ್ಲ. ಆದರೆ ಇಂದಿನ ಯೆಜ್ಡಿ ಹುಟ್ಟುವುದು ಮಧ್ಯಪ್ರದೇಶದ ಪೀಥಂಪುರದಲ್ಲಿ. ಹೆಸರು ತವರಿನದು, ಒಡಲು ಹೊಸದು. ಅಭಿಮಾನವನ್ನು ಬದಿಗಿಟ್ಟು ಹಾದಿಯನ್ನೇ ಕೇಳುವುದು ಲೇಸೆಂದು, ಮಿತ್ರರಿಬ್ಬರಿಂದ ಎರವು ಪಡೆದು, ಬೇರೆ ಬೇರೆ ವಾರಗಳಲ್ಲಿ ಎರಡರ ಮೇಲೂ ಊರಿಗೆ ಹೋಗಿಬಂದೆವು.

ಇಳಿಯುವಾಗ ಎರಡೂ ಸಮ. ಕೆಳಗಿನ ಗೇರಿನಲ್ಲಿ ಎಂಜಿನ್ನಿನ ಹಿಡಿತಕ್ಕೆ ಬಿಟ್ಟುಕೊಟ್ಟರೆ ಬ್ರೇಕಿಗೆ ಅರ್ಧ ಕೆಲಸ ಉಳಿಯುತ್ತದೆ. ಏರಿ ಬರುವ ವಾಹನಕ್ಕೆ ದಾರಿ ಬಿಡುತ್ತ, ಅಣ್ಣಪ್ಪಸ್ವಾಮಿಯ ಗುಡಿಯೆದುರು ನಿಂತು ಕೈಮುಗಿದು ಮುಂದುವರಿದರೆ ಬಯಲಿನ ಬೆಚ್ಚನೆಯ ಗಾಳಿ ಮುಖಕ್ಕೆ ಬಡಿಯುತ್ತದೆ. ತಿರುವುಗಳಲ್ಲಿ ಯೆಜ್ಡಿ ಹಗುರವೆನಿಸಿತೆಂದೇ ಹೇಳಬೇಕು.

ನಿಜವಾದ ಪರೀಕ್ಷೆ ಮರಳುವಾಗ. ನಮ್ಮ ಪ್ರಯಾಣದ ಸ್ವಭಾವವೇ ಹಾಗೆ: ಹೋಗುವಾಗ ಇಳಿಜಾರು, ಬರಿಗೈ, ಬರುವಾಗ ಏರು, ಹೊರೆ. ಅಮ್ಮ ಕಟ್ಟಿಕೊಟ್ಟ ತೆಂಗಿನಕಾಯಿ, ಹಪ್ಪಳ, ಉಪ್ಪಿನಕಾಯಿಯ ಭರಣಿಗಳ ಸಮೇತ ಏರುವಾಗ ಯೆಜ್ಡಿಗೆ ಪ್ರತಿ ತಿರುವಿನಲ್ಲಿಯೂ ಗೇರು ಇಳಿಸಬೇಕಾಯಿತು. ಪಾದಪಾದಕ್ಕೂ ಯತಿಯಿಟ್ಟ ಪದ್ಯದಂತೆ ಸವಾರಿ ಸಾಗಿತು. ಹಿಮಾಲಯನ್ ಅದೇ ಹೊರೆಯನ್ನು ಹೊತ್ತು ನಿರಾಯಾಸವಾಗಿ ಏರಿತು.

ಲೆಕ್ಕದ ಪುಸ್ತಕ ಆಗಲೂ ಯೆಜ್ಡಿಯನ್ನೇ ಹಿಡಿದಿತ್ತು. ತೀರ್ಪನ್ನು ಹಿಂದೆ ಕುಳಿತವಳಿಗೆ ಒಪ್ಪಿಸಿದೆ. "ಅದರ ಮೇಲೆ ಘಾಟಿ ಏರುವಾಗ ನೀವು ಗೇರಿನ ಜೊತೆ ಮಾತನಾಡುತ್ತಿದ್ದಿರಿ, ಇದರ ಮೇಲೆ ನನ್ನ ಜೊತೆ ಮಾತನಾಡಿದಿರಿ. ದುಡ್ಡಿಗೆ ಇನ್ನಾರು ತಿಂಗಳು ಕಾಯೋಣ" ಎಂದಳು ಆಕೆ.

ಒಂಟಿಯಾಗಿ ಸುತ್ತುವವನಿಗೆ, ಬಯಲು ನಾಡಿನವನಿಗೆ ಯೆಜ್ಡಿ ಧಾರಾಳವಾಗಿ ಸಾಕು. ಮಿಕ್ಕ ಹಣದಲ್ಲಿ ಇನ್ನಷ್ಟು ಊರು ನೋಡಬಹುದು. ಇಬ್ಬರು ಕೂಡಿ, ಹೊರೆ ಹೊತ್ತು, ಬೆಟ್ಟ ಹತ್ತುವವರ ಲೆಕ್ಕ ಬೇರೆ. ಕೊಳ್ಳುವವರು ಅಂಗಡಿಯ ಮುಂದಿನ ಸಮತಟ್ಟು ರಸ್ತೆಯಲ್ಲಿ ಸುತ್ತಿ ನಿರ್ಧರಿಸದಿರಲಿ. ತಮ್ಮ ಊರಿನ ಏರಿನಲ್ಲಿ, ತಮ್ಮವರನ್ನು ಹಿಂದೆ ಕೂರಿಸಿಕೊಂಡು ಒಮ್ಮೆ ಹತ್ತಿ ನೋಡಲಿ.