ಸಾಕ್ಷಿಯ ಕರೆಯೋಲೆ

ನ್ಯಾಯಾಲಯದ ಸಮನ್ಸು ಬಾಗಿಲಿಗೆ ಬಂದರೆ ನಮ್ಮ ಸದ್ಗೃಹಸ್ಥರು ಅಪವಾದವೇ ಬಂದೊದಗಿದಂತೆ ಬೆದರುವರು. ಕೋರ್ಟಿನ ಮೆಟ್ಟಿಲು ಹತ್ತದಿರುವುದೇ ಮಾನವೆಂದು ತಿಳಿದ ಜನ ನಾವು. ಆದರೆ ಪ್ರತಿವಾದಿಗೆ ಬರುವ ಕರೆ ಬೇರೆ, ಸಾಕ್ಷಿಗೆ ಬರುವ ಕರೆ ಬೇರೆ ಎಂಬ ವಿವೇಕವು ನಮಗಿರಬೇಕು.

ನಮ್ಮ ಬಾಗಲಗುಂಟೆಯು ಹಿಂದೆ ಹೊಲತೋಟಗಳ ಹಳ್ಳಿ. 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಗೆ ಸೇರಿತು. ಎಕರೆಯ ಲೆಕ್ಕದ ಭೂಮಿ ಚದರಡಿಯ ಲೆಕ್ಕಕ್ಕೆ ಇಳಿದೊಡನೆ ದಾಯಾದಿಗಳ ನಡುವೆ ದಾವೆಗಳೂ ಮೊಳೆತವು. ಅಂತಹುದೊಂದು ವಿಭಾಗದ ದಾವೆಯಲ್ಲಿ, ಹಕ್ಕುಬಿಡುಗಡೆ ಪತ್ರಕ್ಕೆ ರುಜು ಹಾಕಿದ ದಿನ ಆ ಮನೆಯ ಹೆಣ್ಣುಮಗಳು ಪ್ರಾಪ್ತವಯಸ್ಕಳೇ ಎಂಬ ಪ್ರಶ್ನೆ ಎದ್ದಿತು. ಶಾಲೆಯ ದಾಖಲಾತಿ ಪುಸ್ತಕವನ್ನು ಹಾಜರುಪಡಿಸಿ ಸಾಕ್ಷ್ಯ ನುಡಿಯಬೇಕೆಂದು, ಆಗ ಮುಖ್ಯೋಪಾಧ್ಯಾಯನಾಗಿದ್ದ ನನಗೆ ಸಮನ್ಸು ಬಂದಿತು. ಆ ಪುಸ್ತಕದ ಒಂದು ಸಾಲಿನ ಮೇಲೆ ಆಕೆಯ ಪಾಲು ನಿಂತಿತ್ತು.

"ಮೇಷ್ಟ್ರೇ, ಪುಸ್ತಕಕ್ಕೆ ಗೆದ್ದಲು ಹಿಡಿಯಿತೆಂದು ಬರೆದುಬಿಡಿ, ನಿಮಗೇಕೆ ಊರ ಉಸಾಬರಿ?" ಎಂದು ಹಿರಿಯರೊಬ್ಬರು ಬುದ್ಧಿ ಹೇಳಿದರು. ನಾನು ಪುಸ್ತಕದೊಡನೆ ಹೋದೆನು. ಪತ್ರವಾದ ದಿನಕ್ಕೆ ಆಕೆಗೆ ಹದಿನೆಂಟು ತುಂಬಲು ಇನ್ನೂ ಏಳು ತಿಂಗಳಿದ್ದುವು. ಅದನ್ನೇ ಓದಿ ಹೇಳಿದೆನು. ಅಂದಿನಿಂದ ಆ ಹಿರಿಯರು ನನ್ನೊಡನೆ ಮಾತು ಬಿಟ್ಟರು.

ಕಾಯಿದೆಯು ಸಾಕ್ಷಿಗೆ ನಿರ್ದಯವಾಗಿಲ್ಲ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 16ನೆಯ ಆದೇಶದಂತೆ, ಕರೆಸುವ ಪಕ್ಷಗಾರನೇ ಸಾಕ್ಷಿಯ ಪ್ರಯಾಣವೆಚ್ಚವನ್ನೂ ಒಂದು ದಿನದ ಬತ್ತೆಯನ್ನೂ ನ್ಯಾಯಾಲಯಕ್ಕೆ ಕಟ್ಟತಕ್ಕದ್ದು. ದಾಖಲೆಯೊಂದೇ ಬೇಕಾದಲ್ಲಿ ಬೇರೊಬ್ಬರ ಕೈಯಲ್ಲಿ ಕಳುಹಿಸಿದರೂ ಸಾಕು. ದಾಖಲೆ ತಂದ ಮಾತ್ರಕ್ಕೆ ಒಬ್ಬನು ಸಾಕ್ಷಿಯಾಗನು, ಪಾಟೀಸವಾಲಿಗೂ ಒಳಗಾಗನು. 1872ರ ಕಾಯಿದೆಯ ಈ ವಿಧಿಯು 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿಯೂ ಉಳಿದಿದೆ. ನಿಷ್ಕಾರಣವಾಗಿ ತಪ್ಪಿಸಿಕೊಂಡವನಿಗೆ ಮಾತ್ರ ವಾರಂಟು, ಜಪ್ತಿ, ದಂಡಗಳುಂಟು.

ಪ್ರಾಚೀನರು ಇನ್ನೂ ಕಠಿಣರು. ಸಾಲದ ವ್ಯಾಜ್ಯದಲ್ಲಿ ಬಲ್ಲವನಾಗಿಯೂ ಸಾಕ್ಷ್ಯ ನುಡಿಯದವನಿಂದ, ನಾಲ್ವತ್ತಾರನೆಯ ದಿನ ಸಮಸ್ತ ಋಣವನ್ನೂ ದಶಾಂಶದೊಡನೆ ರಾಜನು ಕೊಡಿಸತಕ್ಕದ್ದೆಂದು ಯಾಜ್ಞವಲ್ಕ್ಯಸ್ಮೃತಿಯ ವಿಧಿ. ಆ ಸ್ಮೃತಿಗೆ ಮಿತಾಕ್ಷರಾ ವ್ಯಾಖ್ಯಾನವನ್ನು ರಚಿಸಿದ ವಿಜ್ಞಾನೇಶ್ವರನು ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ನಮ್ಮ ಕಲ್ಯಾಣದಲ್ಲಿದ್ದವನು. ಬಲ್ಲವನು ಬಾಯಿ ಮುಚ್ಚಿದರೆ ಒಬ್ಬರ ಅನ್ನವು ಮತ್ತೊಬ್ಬರ ಎಲೆಗೆ ಬೀಳುವುದೆಂಬುದನ್ನು ಅವರು ಅರಿತಿದ್ದರು.

ಆದುದರಿಂದ ಸಮನ್ಸು ಬಂದಾಗ ಬೆದರದೆ, ದಿನಾಂಕವನ್ನೂ ಕೇಳಿರುವ ಕಾಗದವನ್ನೂ ಓದಿಕೊಂಡು, ಬಲ್ಲಷ್ಟನ್ನು ಹೇಳಿ ಬರುವುದು ಗೃಹಸ್ಥಧರ್ಮವೇ ಸರಿ.