ಚಳಿಗಾಲದ ಸಂಧಿಪ್ರಕರಣ

‘ಚಳಿ’ಗೆ ‘ಕಾಲ’ ಸೇರಿದಾಗ ಕಕಾರಕ್ಕೆ ಗಕಾರ ಬಂದು ‘ಚಳಿಗಾಲ’ವಾಗುತ್ತದೆ, ಇದು ಆದೇಶಸಂಧಿ ಎಂದು ಪ್ರತಿವರ್ಷ ತರಗತಿಯಲ್ಲಿ ಹೇಳುತ್ತೇನೆ. ಅದೇ ಚಳಿ ನಮ್ಮ ಮನೆಗೆ ಸೇರಿದಾಗ ಆಗುವ ವಿಕಾರಗಳನ್ನು ಮಾತ್ರ ಯಾವ ವೈಯಾಕರಣನೂ ಸೂತ್ರಕ್ಕಿಳಿಸಿದಂತಿಲ್ಲ. ಅಕ್ಕಲಕೋಟೆ ಸೀಮೆಯ ಥಂಡಿ ಒಣ ಥಂಡಿ. ಕೊಬ್ಬರಿಎಣ್ಣೆ ಡಬ್ಬಿಯೊಳಗೆ ಗಟ್ಟಿಯಾಗಿ ಕುಳಿತು, ತಲೆಕೆಳಗು ಮಾಡಿದರೂ ಜಗ್ಗುವುದಿಲ್ಲ. ಹಿಮ್ಮಡಿಗಳು ಹಿಂಗಾರಿ ಹೊಲದ ಕರಿಮಣ್ಣಿನಂತೆ ಬಿರಿಯುತ್ತವೆ. ಫರಸಿಯ ಮೇಲೆ ಬರಿಗಾಲಿಟ್ಟರೆ ಜೀವ ಝಲ್ಲೆನ್ನುತ್ತದೆ. ಸೋಲಾಪುರದ ಚಾದರ ಎಷ್ಟೇ ದಪ್ಪವಿದ್ದರೂ ನಸುಕಿನ ಹೊತ್ತಿಗೆ ಅದು ಯಾವಾಗಲೂ ಮತ್ತೊಬ್ಬರ ಮೈಮೇಲಿರುತ್ತದೆ.

ಇವೆಲ್ಲ ನಗುತ್ತ ಸಹಿಸಬಹುದಾದ ಕಿರುಕುಳಗಳು. ಅವ್ವನ ಮೊಣಕಾಲಿನ ಮಾತು ಬೇರೆ. “ಅವ್ವಾ ಏಳು” ಎಂದು ನಾನು ಕೂಗುತ್ತೇನೆ. ಪ್ಲುತಸ್ವರದ ಮುಂದೆ ಸ್ವರ ಬಂದರೂ ಸಂಧಿಯಾಗದು, ಅದು ಪ್ರಕೃತಿಭಾವ. ಅವ್ವನ ಕಾಲೂ ಆ ಹೊತ್ತಿನಲ್ಲಿ ಪ್ರಕೃತಿಭಾವದಲ್ಲಿಯೇ ಇರುತ್ತದೆ. ಮಡಚಿದ್ದು ಚಾಚದು, ಚಾಚಿದ್ದು ಮಡಚದು. ಗೋಡೆ ಹಿಡಿದು ಎದ್ದು, ತೊಗರಿಕಟ್ಟಿಗೆಯ ಒಲೆಯ ಮುಂದೆ ಸ್ವಲ್ಪ ಹೊತ್ತು ಕುಳಿತ ಮೇಲೆಯೇ ಆಕೆ ನಡೆದಾಡುವುದು.

ಮೂರು ವರ್ಷಗಳ ಹಿಂದಿನ ಮಾರ್ಗಶಿರದಲ್ಲಿ ಆಕೆಯನ್ನು ವೈದ್ಯರ ಬಳಿಗೆ ಕರೆದುಕೊಂಡು ಹೋದೆ. ವೈದ್ಯರು ಮರಾಠಿಯವರು, ಸಜ್ಜನರು. ಅವ್ವನಿಗೆ ಸಂತೆಗೆ ಸಾಲುವಷ್ಟು ಮರಾಠಿ ಬರುತ್ತದೆ, ನೋವಿಗೆ ಸಾಲುವಷ್ಟಿಲ್ಲ. ಆಕೆ ನನ್ನ ಕಡೆ ತಿರುಗಿ ಹೇಳಿದಳು: “ಎದ್ದಕೂಡ್ಲೆ ಬಿಗದಿರ್ತಾವ ತಮ್ಮಾ. ಒಲಿ ಮುಂದ ಕುಂತಮ್ಯಾಲ ಸಡ್ಲ ಆಗ್ತಾವ. ಮೆಟ್ಲ ಇಳಿವಾಗ ಚಳಕ್ ಹೊಡಿತದ, ಕಟಕಟ ಅಂತದ. ರಾತ್ರಿ ಹರೀತಾವ.” ಎರಡು ಭಾಷೆ ಬಲ್ಲೆನೆಂಬ ಹಮ್ಮಿನಲ್ಲಿ ನಾನು ಅಷ್ಟನ್ನೂ ಎರಡೇ ಪದಗಳಿಗೆ ಇಳಿಸಿದೆ: “ಗುಡಘೇ ದುಖತಾತ.” ಮೊಣಕಾಲು ನೋಯುತ್ತವೆ. ಹೊರಗೆ ಸರದಿ ಉದ್ದವಿತ್ತು. ವೈದ್ಯರು ನೋವಿನ ಗುಳಿಗೆ ಬರೆದುಕೊಟ್ಟರು. ಊಟದ ನಂತರ ನುಂಗಬೇಕೆಂದು ಅವರು ಹೇಳಿದ ಮಾತನ್ನೂ ನಾನು ಅವ್ವನಿಗೆ ಸರಿಯಾಗಿ ಮುಟ್ಟಿಸಲಿಲ್ಲ. ಬೆಳಿಗ್ಗೆಯೇ ಬಿಗಿತವಲ್ಲವೇ ಎಂದು ಆಕೆ ಬರಿಹೊಟ್ಟೆಯಲ್ಲಿ ನುಂಗಿದಳು. ಹತ್ತು ದಿನಗಳಲ್ಲಿ ಹೊಟ್ಟೆಯುರಿ ಹತ್ತಿ, ರೊಟ್ಟಿ ಮುಟ್ಟದಂತಾದಳು.

ಮತ್ತೆ ಹೋದಾಗ ವೈದ್ಯರು ಕೇಳಿದ ಮೊದಲ ಪ್ರಶ್ನೆ, “ಬೆಳಿಗ್ಗೆ ಬಿಗಿತ ಇರುತ್ತದೆಯೇ? ಎಷ್ಟು ಹೊತ್ತು?” ಬಿಗಿತ ಅರ್ಧ ಗಂಟೆಯೊಳಗೆ ಸಡಿಲಿಸಿದರೆ ಅದು ಬಹುಮಟ್ಟಿಗೆ ಸವೆತದ ನೋವು, ಒಂದು ಗಂಟೆ ಮೀರಿಯೂ ಉಳಿದರೆ ಉರಿಯೂತದ ಸಂಧಿವಾತವೇ ಎಂದು ಪರೀಕ್ಷಿಸಬೇಕು ಎಂದರು. ಅವ್ವ ಮೊದಲ ದಿನವೇ ಆಡಿದ್ದ, ನಾನು ಕೈಬಿಟ್ಟಿದ್ದ ಮಾತು ಅದೇ ಆಗಿತ್ತು. ಈ ಸಲ ಆಕೆಯ ಒಂದೊಂದು ಪದಕ್ಕೂ ತಡವರಿಸುತ್ತ ಮರಾಠಿ ಹುಡುಕಿದೆ. ಸಿಗದಿದ್ದಲ್ಲಿ ಕೈಯಿಂದ ಅಭಿನಯಿಸಿದೆ. ವೈದ್ಯರು ಸಮಾಧಾನದಿಂದ ಕೇಳಿ, ಎಕ್ಸ್‌ರೇ ತೆಗೆಸಿ, ಗುಳಿಗೆ ಕಡಿಮೆ ಮಾಡಿ, ತೊಡೆಯ ಸ್ನಾಯು ಗಟ್ಟಿಗೊಳ್ಳುವ ವ್ಯಾಯಾಮ ಹೇಳಿಕೊಟ್ಟರು.

ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ಅವರು ವಿವರಿಸುವಾಗ ನನಗೆ ಕೇಶಿರಾಜನ ನೆನಪಾಯಿತು. ಎಲುಬುಗಳ ನಡುವಿನ ಮೃದ್ವಸ್ಥಿ ಸವೆದುಹೋಗಿದೆ: ಲೋಪ. ಅಂಚಿನಲ್ಲಿ ಎಲುಬಿನ ಮುಳ್ಳು ಹೊಸದಾಗಿ ಬೆಳೆದಿದೆ: ಆಗಮ. ಮುಂದೆಂದಾದರೂ ಕೀಲನ್ನೇ ತೆಗೆದು ಲೋಹದ ಕೀಲು ಕೂಡಿಸಬೇಕಾದೀತು: ಆದೇಶ. ಅವ್ವ ಕೇಳಿದ್ದು ಒಂದೇ ಮಾತು: “ಹೊಸಾ ಕಾಲ್ಲೆ ನೆಲಕ್ಕ ಕುಂತು ರೊಟ್ಟಿ ಬಡಿಲಿಕ್ಕಿ ಬರ್ತದೇನು?” ನೆಲಕ್ಕೆ ಕೂಡದಿರುವುದೇ ಒಳ್ಳೆಯದೆಂದು ವೈದ್ಯರು ಹೇಳಿದರು. “ಹಂಗಾದ್ರ ಇದ್ದ ಕಾಲೇ ಇರ್ಲಿ” ಎಂದು ಆಕೆ ಸೆರಗು ಸರಿಪಡಿಸಿಕೊಂಡಳು. ಈ ವಾಕ್ಯವನ್ನು ಮಾತ್ರ ನಾನು ಒಂದಕ್ಷರವೂ ಬಿಡದೆ ಅನುವಾದಿಸಿದೆ.

ಆ ವರ್ಷದ ಎಳ್ಳ ಅಮಾವಾಸ್ಯೆಗೆ ಅವ್ವ ಹೊಲಕ್ಕೆ ಬರಲಾಗಲಿಲ್ಲ. ನೆರೆಯ ಮರಾಠಿಗರು ವೇಳ ಅಮಾವಾಸ್ಯೆ ಎನ್ನುವ ಈ ಹಬ್ಬದಲ್ಲಿ ಸಜ್ಜಿರೊಟ್ಟಿ, ಭಜ್ಜಿ ಕಟ್ಟಿಕೊಂಡು ಹೋಗಿ ಪೈರಿನ ನಡುವೆ ಚರಗ ಚೆಲ್ಲುವುದುಂಟು. ಆಕೆಯಿಲ್ಲದೆ ಚೆಲ್ಲಿದ ಚರಗ ನಮಗೆ ರುಚಿಸಲಿಲ್ಲ. ಮರುವರ್ಷ, ವ್ಯಾಯಾಮ ಬಿಡದೆ ಮಾಡಿದ ಅವ್ವ, ನನ್ನ ಹೆಗಲು ಹಿಡಿದು ಬದುವಿನ ತನಕ ಬಂದಳು. ಹೆಂಟೆಗಳ ಮೇಲೆ ಕಾಲಿಡಲು ಬಿಡಲಿಲ್ಲ. ಬದುವಿನ ಮೇಲೆ ನಿಂತೇ ಜೋಳದ ತೆನೆಗಳನ್ನು ನೋಡಿದಳು.

ಈಚೆಗೆ ಮೆಟ್ಟಿಲಿಳಿಯುವಾಗ ನನ್ನ ಎಡಮೊಣಕಾಲಿನಲ್ಲಿಯೂ ಏನೋ ಒಂದು ಮಿಂಚಿ ಮಾಯವಾಗುತ್ತದೆ. ‘ಚಳಕು’ ಎಂದರೆ ಏನೆಂದು ಈಗ ತಿಳಿಯಿತು. ವಿದ್ಯಾರ್ಥಿಮಿತ್ರರೇ, ನಿಮ್ಮ ಮನೆಯ ಹಿರಿಯರನ್ನು ನೀವೂ ಆಸ್ಪತ್ರೆಗೆ ಕರೆದೊಯ್ಯುವಿರಿ. ಅವರು ನೋವನ್ನು ಹೇಳುವಾಗ ಅವಸರ ಮಾಡದೆ, ಪದ ಬಿಡದೆ ಕೇಳಿ ಮುಟ್ಟಿಸಿರಿ. ಐಚ್ಛಿಕ ಕನ್ನಡ ಓದಿದ್ದು ಅಲ್ಲಿಯೂ ಉಪಯೋಗಕ್ಕೆ ಬರುತ್ತದೆ.